ಕಾಪಿ ಹೊಡೆದಿದ್ದು ಯಾರು ಅಂತ ಕೇಳಬೇಡಿ

ಪೇಟೆಂಟ್ ಅರ್ಜಿ ಬರೆಯೋದು ನನ್ನ ಕೆಲಸ. ಅದು ಗೊತ್ತಾದ ತಕ್ಷಣ, ಮದುವೆ ಮನೆಯ ಪಂಕ್ತಿಯಲ್ಲಿ ಕೂತಿದ್ದರೂ ಸರಿ, ಒಂದೇ ಪ್ರಶ್ನೆ ಬರುತ್ತದೆ. "ಇಬ್ಬರದ್ದೂ ಒಂದೇ ಥರ ಇದೆಯಲ್ಲ, ಕಾಪಿ ಹೊಡೆದಿದ್ದು ಯಾರು?"

ಪರೀಕ್ಷೆ ಹಾಲಿನ ಪ್ರಶ್ನೆ ಇದು. ಪೇಟೆಂಟ್ ಕೇಸಿಗೆ ಹೊಂದುವುದಿಲ್ಲ. ಎದುರಾಳಿಯ ವಸ್ತುವನ್ನು ಕಣ್ಣಲ್ಲೂ ನೋಡದೆ, ಸ್ವಂತ ತಲೆ ಓಡಿಸಿ ಅದನ್ನೇ ಮಾಡಿದ್ದರೂ ನೀವು ಸಿಕ್ಕಿಬೀಳುತ್ತೀರಿ. ಅದನ್ನೇ ಬಿಚ್ಚಿ ನೋಡಿ, ಬೇರೆ ರೀತಿಯಲ್ಲಿ ಕಟ್ಟಿದ್ದರೆ ಪಾರಾಗಲೂಬಹುದು. ಪೇಟೆಂಟಿನ ಕೊನೆಯಲ್ಲಿ ಕ್ಲೇಮು ಅಂತ ಇರುತ್ತದೆ, ಶೋಧದಲ್ಲಿ ಯಾವುದೆಲ್ಲ ತನ್ನ ಹಕ್ಕು ಅಂತ ಹೇಳುವ ವಾಕ್ಯಗಳು. ಹೊಲಕ್ಕೆ ಬದು ಇದ್ದ ಹಾಗೆ. ಅದರೊಳಗೆ ಕಾಲಿಟ್ಟಿದ್ದೀರಾ ಇಲ್ವಾ, ಕೋರ್ಟು ನೋಡುವುದು ಅದನ್ನು.

ಹತ್ತಾರು ಜನ ಓದಿದವರಿಗೆ ಇದನ್ನು ಹೇಳಿ ಸೋತಿದ್ದೇನೆ. ಸರಿಯಾದ ಪ್ರಶ್ನೆ ಕೇಳಿದ್ದು ನನ್ನ ಬೈಕ್ ರಿಪೇರಿ ಮಾಡುವ ಮೆಕ್ಯಾನಿಕ್. ಬಜಾಜ್ ಮತ್ತು ಟಿವಿಎಸ್ ಜಗಳದ ಮಾತು ಬಂತು. ಬಜಾಜ್ 2002ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿತ್ತು. ಸಣ್ಣ ಎಂಜಿನ್ನಿನ ಒಂದೇ ಸಿಲಿಂಡರಿಗೆ ಎರಡು ಸ್ಪಾರ್ಕ್ ಪ್ಲಗ್. ಪಲ್ಸರ್ ಮೇಲೆ ಡಿಟಿಎಸ್‌-ಐ ಅಂತ ಬರೆದಿರುತ್ತಿತ್ತಲ್ಲ, ಅದೇ. 2007ರ ಕೊನೆಗೆ ಟಿವಿಎಸ್ 125 ಸಿಸಿಯ ಫ್ಲೇಮ್ ತಂದಿತು. ಅದರಲ್ಲೂ ಎರಡು ಪ್ಲಗ್. ಬಜಾಜ್ ಕೋರ್ಟಿಗೆ ಹೋಯಿತು.

ಇಷ್ಟು ಹೇಳುವಷ್ಟರಲ್ಲಿ ಅವನು ಸ್ಪ್ಯಾನರ್ ಕೆಳಗಿಟ್ಟು ಕೇಳಿದ. "ಸಾರ್, ಪಲ್ಸರ್‌ಗೆ ಎರಡು ವಾಲ್ವು, ಫ್ಲೇಮ್‌ಗೆ ಮೂರು. ಪೇಪರಲ್ಲಿ ವಾಲ್ವು ಎಷ್ಟು ಅಂತ ಬರೆದಿದ್ರಾ?"

ಆ ಕ್ಷಣ ನನಗೆ ಎಷ್ಟು ಖುಷಿ ಆಯಿತು ಅಂದ್ರೆ, ಅರ್ಧ ಗಂಟೆ ಅಲ್ಲೇ ನಿಂತು ಮಾತಾಡಿದೆ. ಇಡೀ ಕೇಸು ಸುತ್ತಿದ್ದೇ ಅದರ ಮೇಲೆ. ಎರಡು ವಾಲ್ವಿನ ಎಂಜಿನ್ ಅಂತಲೇ ಪೇಟೆಂಟಿನಲ್ಲಿ ಇತ್ತು. ಆದರೆ ಬಜಾಜ್ ವಾದ ಏನಂದ್ರೆ, ಈ ಶೋಧದ ಜೀವ ಇರುವುದು ಎರಡು ಪ್ಲಗ್‌ನಲ್ಲಿ, ವಾಲ್ವಿನ ಲೆಕ್ಕ ಮುಖ್ಯವಲ್ಲ ಅಂತ. ಟಿವಿಎಸ್ ಹೇಳಿದ್ದು, ನಮ್ಮದು ಮೂರು ವಾಲ್ವಿನ ಬೇರೆಯದೇ ಎಂಜಿನ್, ಎರಡು ಪ್ಲಗ್ ಇಡುವುದು ಹೊಸದೇನಲ್ಲ ಅಂತ. ವಿಮಾನದ ಎಂಜಿನ್‌ಗಳಲ್ಲಂತೂ ಅದು ಎಷ್ಟೋ ಕಾಲದಿಂದ ಇದೆ. 2008ರ ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟಿನ ಒಬ್ಬ ನ್ಯಾಯಮೂರ್ತಿ ಬಜಾಜ್ ಮಾತು ಒಪ್ಪಿ ತಡೆ ಕೊಟ್ಟರು. ಟಿವಿಎಸ್ ಫ್ಲೇಮ್ ಅನ್ನು ಒಂದೇ ಪ್ಲಗ್ ಹಾಕಿ ಮಾರಬೇಕಾಯಿತು. 2009ರ ಮೇನಲ್ಲಿ ಅದೇ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ವಿಭಾಗೀಯ ಪೀಠ ತಡೆ ತೆಗೆದುಹಾಕಿತು. ಅದೇ ಪೇಟೆಂಟು, ಅದೇ ಎಂಜಿನ್ನು, ಓದಿದ ರೀತಿ ಮಾತ್ರ ಬೇರೆ. ಅದಕ್ಕೇ ಅರ್ಜಿ ಬರೆಯುವಾಗ "ಎರಡು" ಅನ್ನುವ ಒಂದು ಪದದ ಮುಂದೆ ನಾನು ಗಂಟೆಗಟ್ಟಲೆ ಕೂರುತ್ತೇನೆ. ಸುಮ್ನೆ ಅಲ್ಲ.

ಹಾಗಾಗಿ ನನ್ನನ್ನು ಕೇಳುವುದಾದರೆ, ಕ್ಲೇಮಿನಲ್ಲಿ ಏನು ಬರೆದಿದೆ ಅಂತ ಕೇಳಿ. ಇಲ್ಲವೇ ತೀರ್ಮಾನಕ್ಕೆ ಎಷ್ಟು ವರ್ಷ ಬೇಕಾಯಿತು ಅಂತ ಕೇಳಿ. ಯಾರೂ ಕೇಳುವುದಿಲ್ಲ, ನನಗೆ ನೋವಾಗುವುದು ಅಲ್ಲೇ. ಪೇಟೆಂಟಿನ ಆಯುಸ್ಸು 20 ವರ್ಷ. ಇದೇ ಕೇಸಿನಲ್ಲಿ 2009ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು, ಇಂಥ ದಾವೆಗಳನ್ನು ದಿನಾ ನಡೆಸಿ ನಾಲ್ಕು ತಿಂಗಳಲ್ಲಿ ಮುಗಿಸಿ ಅಂದಿತು. ಮುಗಿದಿದ್ದು 2019ರಲ್ಲಿ, ಅದೂ ಇಬ್ಬರೂ ರಾಜಿ ಮಾಡಿಕೊಂಡು.

ಮೆಕ್ಯಾನಿಕ್ ಕೊನೆಗೆ ಕೇಳಿದ, "ಯಾರು ಗೆದ್ರು ಸಾರ್?" ರಾಜಿ ಆಯ್ತು ಅಂದೆ. "ಅಷ್ಟೊತ್ತಿಗೆ ಫ್ಲೇಮ್ ಬರೋದೇ ನಿಂತಿತ್ತಲ್ಲ ಸಾರ್" ಅಂದು ಮತ್ತೆ ಸ್ಪ್ಯಾನರ್ ಎತ್ತಿಕೊಂಡ.