ಕೃಷ್ಣೆಯ ದಂಡೆಯ ನೀಲಿ ಕಲ್ಲು

ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗೆ ಹೋಗಿದ್ದು ಮೊಮ್ಮಗನಿಗೆ ಡೈನೋಸಾರ್ ತೋರಿಸಲು. ಅವನು ಮೂಳೆಗಳ ಮುಂದೆ ಕೂತುಬಿಟ್ಟ. ಮಗಳನ್ನು ಅವನ ಜೊತೆ ಬಿಟ್ಟು ನಾನು ಸುಮ್ನೆ ಎರಡನೇ ಮಹಡಿ ಹತ್ತಿದೆ.

ಅಲ್ಲಿ ಹೋಪ್ ವಜ್ರ. ಗಾಜಿನೊಳಗೆ ನಿಧಾನಕ್ಕೆ ತಿರುಗುತ್ತಿತ್ತು. 45.52 ಕ್ಯಾರೆಟ್ ಅಂದರೂ ಒಂದು ನೇರಳೆ ಹಣ್ಣಿನಷ್ಟು, ಅಷ್ಟೇ. ಬಣ್ಣ ಮಾತ್ರ ನಾವು ಶಾಲೆಯಲ್ಲಿ ಪೆನ್ನಿಗೆ ತುಂಬುತ್ತಿದ್ದ ಬ್ಲೂ ಬ್ಲ್ಯಾಕ್ ಶಾಯಿಯದು.

ಇದು ಕೊಲ್ಲೂರಿನ ಗಣಿಯದು ಎನ್ನುತ್ತಾರೆ. ಮೂಕಾಂಬಿಕೆಯ ಕೊಲ್ಲೂರಲ್ಲ, ಆಂಧ್ರದ ಗುಂಟೂರು ಕಡೆ, ಕೃಷ್ಣೆಯ ದಂಡೆಯದು. ನಾನು ಬಾಗಲಕೋಟೆ ಕಡೆಯವಳು. ಅದೇ ಹೊಳೆ, ಅಲ್ವಾ! ಟಾವರ್ನಿಯೆ ಎಂಬ ವ್ಯಾಪಾರಿ ಕಲ್ಲನ್ನು ಫ್ರಾನ್ಸಿಗೆ ಒಯ್ದು 1668ರಲ್ಲಿ ಹದಿನಾಲ್ಕನೇ ಲೂಯಿಗೆ ಮಾರಿದ. ರಾಜ ಅದನ್ನು ಕೊರೆಸಿದ. 1792ರ ಕ್ರಾಂತಿಯ ಗಲಾಟೆಯಲ್ಲಿ ಕಳ್ಳರ ಪಾಲಾಯಿತು. ಆಮೇಲೆ ಯಾರೋ ಮತ್ತೆ ಕೊರೆದು ಇನ್ನೂ ಸಣ್ಣದು ಮಾಡಿದರು. 1958ರಲ್ಲಿ ಹ್ಯಾರಿ ವಿನ್‌ಸ್ಟನ್ ಎಂಬ ಒಡವೆ ವ್ಯಾಪಾರಿ ಇದನ್ನು ಮ್ಯೂಸಿಯಂಗೆ ದಾನ ಕೊಟ್ಟಾಗ ಕಳಿಸಿದ್ದು ಹೇಗೆ ಗೊತ್ತಾ? ರಿಜಿಸ್ಟರ್ಡ್ ಪೋಸ್ಟಲ್ಲಿ!

ನಾನು ಜಾಸ್ತಿ ಹೊತ್ತು ನಿಂತಿದ್ದು ಮಾತ್ರ ಇನ್ನೊಂದರ ಮುಂದೆ. ನೆಪೋಲಿಯನ್ ತನ್ನ ಎರಡನೇ ಹೆಂಡತಿ ಮೇರಿ ಲೂಯಿಸ್‌ಗೆ ಮದುವೆಗೆಂದು ಕೊಟ್ಟ ಕಿರೀಟ. ಮೊದಲು ಅದರಲ್ಲಿ 79 ಪಚ್ಚೆಗಳಿದ್ದವು. ಇಪ್ಪತ್ತನೇ ಶತಮಾನದಲ್ಲಿ ವ್ಯಾಪಾರಿಗಳು ಅವನ್ನು ಕಿತ್ತು ಬಿಡಿಬಿಡಿಯಾಗಿ ಮಾರಿದರು, ಆ ಜಾಗದಲ್ಲಿ ತಿಳಿನೀಲಿ ಟರ್ಕ್ವಾಯಿಸ್ ಕೂರಿಸಿದರು. ವಜ್ರಗಳು ಫಳಫಳ, ನಡುವೆ ಈ ಮಂಕು ನೀಲಿ. ಅಜ್ಜಿಯ ಟೀಕಿ ಮುರಿಸಿ ನಮ್ಮ ಚಿಕ್ಕಮ್ಮ ಬಳೆ ಮಾಡಿಸಿಕೊಂಡಿದ್ದು ನೆನಪಾಯಿತು. ಆ ಬಳೆಯೂ ನನಗೆ ಹಿಡಿಸಿರಲಿಲ್ಲ.