ದ್ವೀಪದಲ್ಲಿ ಕೂತವರ ಸಮಯ ಹಾಳು ಮಾಡದೆ ಕರೆಯುವುದು

ಬಳ್ಳಾರಿ, ಸಂಡೂರು ಕಡೆ ಗಣಿಗಳಿಗೆ ವಾಕಿಟಾಕಿ, ರಿಪೀಟರ್ (ಸಿಗ್ನಲ್ ಹಿಡಿದು ದೂರಕ್ಕೆ ಮತ್ತೆ ಬಿಡುವ ಯಂತ್ರ) ಹಾಕಿ ಸರ್ವಿಸ್ ಮಾಡುವುದು ನಮ್ಮ ಕೆಲಸ. ಹೊಸ ಆಪರೇಟರ್‌ಗೆ ಮೊದಲ ದಿನವೇ ಹೇಳಿಕೊಡುವುದು ಇಷ್ಟು: ಚಾನೆಲ್ ಖಾಲಿ ಇದೆಯಾ ಕೇಳಿಸಿಕೋ, ಪಿಟಿಟಿ (ಮಾತಾಡುವಾಗ ಒತ್ತುವ ಬಟನ್) ಒತ್ತಿ ಅರ್ಧ ಸೆಕೆಂಡ್ ಬಿಟ್ಟು ಮಾತಾಡು, ಮುಗಿದ ಕೂಡಲೇ ಬಟನ್ ಬಿಡು. ಆ ಅರ್ಧ ಸೆಕೆಂಡ್ ಬಿಡದಿದ್ದರೆ ರಿಪೀಟರ್ ಆನ್ ಆಗುವಷ್ಟರಲ್ಲಿ ಮೊದಲ ಪದ ನುಂಗಿಹೋಗಿರುತ್ತದೆ. ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ತೆಗೆದುಕೊಂಡು, ಬೇರೆ ಹ್ಯಾಮ್‌ಗಳಿಗೆ ಸಂಪರ್ಕ ಕೊಡಲೆಂದೇ ದೂರದ ದ್ವೀಪಕ್ಕೆ ಹೋದ ತಂಡಗಳನ್ನು ಕರೆಯುವವರಿಗೂ ಬೇಕಾದದ್ದು ಇದೇ ಶಿಸ್ತು. ಒಂದೇ ವ್ಯತ್ಯಾಸ, ಅಲ್ಲಿ ಒಬ್ಬ ಆಪರೇಟರ್ ಮೇಲೆ ಸಾವಿರಾರು ಜನ ಒಟ್ಟಿಗೆ ಬೀಳುತ್ತಾರೆ.

ಅವರು ಅಲ್ಲಿಗೆ ತಲುಪುವುದೇ ದೊಡ್ಡ ಮಾತು. ದಕ್ಷಿಣ ಅಟ್ಲಾಂಟಿಕ್‌ನ ಬೂವೆ ದ್ವೀಪಕ್ಕೆ 2018ರಲ್ಲಿ ಹೊರಟ ತಂಡ ಕೆಟ್ಟ ಹವೆ, ಹಡಗಿನ ಎಂಜಿನ್ ತೊಂದರೆಯಿಂದ ದ್ವೀಪದ ಹತ್ತಿರ ಹೋಗಿಯೂ ಇಳಿಯದೆ ವಾಪಸಾಯಿತು. 2023ರ ಫೆಬ್ರವರಿಯಲ್ಲಿ ಹೋದ 3ವೈ0ಜೆ ಎಂಬ ಕಾಲ್‌ಸೈನ್‌ನ (ಸ್ಟೇಷನ್ನಿನ ಗುರುತಿನ ಹೆಸರು) ತಂಡ ಅಲೆಗಳ ಹೊಡೆತದಲ್ಲಿ ಸಾಮಾನು ದಡಕ್ಕೆ ಸಾಗಿಸಲು ಒದ್ದಾಡಿ, ಅಂದುಕೊಂಡಿದ್ದಕ್ಕಿಂತ ಬಹಳ ಚಿಕ್ಕ ಶಿಬಿರ ಹಾಕಿತು. ಇಂಥ ಕಡೆ ಜನರೇಟರ್ ಪೆಟ್ರೋಲಿಗೂ ಲೆಕ್ಕ, ಬ್ಯಾಂಡ್ (ಫ್ರೀಕ್ವೆನ್ಸಿಗಳ ಗುಂಪು) ದೂರದವರೆಗೆ ಕೇಳಿಸುವಂತೆ ತೆರೆದಿರುವ ಹೊತ್ತಿಗೂ ಲೆಕ್ಕ. ನಾವು ವ್ಯರ್ಥ ಮಾಡಿಸುವ ಒಂದೊಂದು ನಿಮಿಷವೂ ಇನ್ನೂ ಕೆಲವರಿಗೆ ಸಿಗಬೇಕಿದ್ದ ಸಂಪರ್ಕ.

ಹೆಚ್ಚು ಎಡವುವುದು ಸ್ಪ್ಲಿಟ್‌ನಲ್ಲಿ, ಅಂದರೆ ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿ ಇನ್ನೊಂದರಲ್ಲಿ ಮಾತಾಡುವುದರಲ್ಲಿ. ದ್ವೀಪದ ಆಪರೇಟರ್ 14.195 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತ "ಅಪ್ ಫೈವ್ ಟು ಟೆನ್" ಅಂದರೆ 14.200ರಿಂದ 14.205ರ ನಡುವೆ ಕೇಳುತ್ತಿದ್ದಾನೆ. ನಿಮ್ಮ ರಿಗ್‌ನ (ರೇಡಿಯೊ ಸೆಟ್) ವಿಎಫ್‌ಒ ಎ, ಅಂದರೆ ಫ್ರೀಕ್ವೆನ್ಸಿ ಹೊಂದಿಸುವ ಮೊದಲ ಜಾಗವನ್ನು 14.195ಕ್ಕೆ ನಿಲ್ಲಿಸಿ ಲಾಕ್ ಮಾಡಿ, ಬಿ ಅನ್ನು 14.200ಕ್ಕೆ ಇಟ್ಟು, ಸ್ಪ್ಲಿಟ್ ಆನ್ ಮಾಡಿ. ಪಿಟಿಟಿ ಮುಟ್ಟುವ ಮೊದಲು ಡಿಸ್‌ಪ್ಲೇಯಲ್ಲಿ ಸ್ಪ್ಲಿಟ್ ಅಂತ ತೋರಿಸುತ್ತಿದೆಯಾ ಕಣ್ಣಾರೆ ನೋಡಿ. ಆಮೇಲೆ ಕರೆಯಬೇಡಿ, ಕೇಳಿ. ಹೆಚ್ಚಿನ ರಿಗ್‌ಗಳಲ್ಲಿ ಒಂದು ಬಟನ್ ಒತ್ತಿ ಹಿಡಿದರೆ ಟ್ರಾನ್ಸ್‌ಮಿಟ್ ಫ್ರೀಕ್ವೆನ್ಸಿ ಕೇಳಿಸುತ್ತದೆ. ಈಗಷ್ಟೇ "ಫೈವ್ ನೈನ್" (ಸಿಗ್ನಲ್ ಚೆನ್ನಾಗಿದೆ ಅನ್ನುವ ವರದಿ) ಪಡೆದವನು ಎಲ್ಲಿದ್ದ ಹುಡುಕಿ. ಮುಂದಿನವನು ಅದಕ್ಕಿಂತ 1 ಕಿಲೋಹರ್ಟ್ಸ್ ಮೇಲಿದ್ದರೆ ಆಪರೇಟರ್ ಮೇಲಕ್ಕೆ ಸರಿಯುತ್ತಿದ್ದಾನೆ ಅಂತ ಲೆಕ್ಕ. ಅವನು ಮುಂದೆ ಬರುವ ಜಾಗದಲ್ಲಿ ಕಾದು, ಪೂರ್ತಿ ಕಾಲ್‌ಸೈನ್ ಒಂದೇ ಸಲ ಹೇಳಿ ಬಿಡಿ. ಕೊನೆಯ ಎರಡಕ್ಷರ ಮಾತ್ರ ಹೇಳಿದರೆ ಅವನು ಉಳಿದದ್ದನ್ನು ಮತ್ತೆ ಕೇಳಬೇಕು. ಒಂದು ಸುತ್ತು ಹೆಚ್ಚಾಯಿತು.

ಅವನು "ವಿಕ್ಟರ್ ಯೂನಿಫಾರ್ಮ್ ತ್ರೀ, ಅಗೇನ್?" ಅಂದ ಅಂತಿಟ್ಟುಕೊಳ್ಳಿ. ಅವನಿಗೆ ಕೇಳಿಸಿದ್ದು ವಿಯು3 ಅಂತ ಶುರುವಾಗುವ ಭಾರತದ ಕಾಲ್‌ಸೈನ್. ಆಗ ವಿಯು3 ಅಲ್ಲದವರು ಬಾಯಿ ಬಿಡಬಾರದು. ಒಬ್ಬ ಜಪಾನಿನವನು, ಒಬ್ಬ ಇಟಲಿಯವನು ಅದೇ ಹೊತ್ತಿಗೆ ಕೂಗಿದರೆ ಆ ವಿಯು3 ಮುಳುಗಿಹೋಗುತ್ತಾನೆ, ಆಪರೇಟರ್ ಮತ್ತೆ ಮೊದಲಿಂದ ಶುರು ಮಾಡಬೇಕು. ಕರೆದದ್ದು ನಿಮ್ಮನ್ನೇ ಆಗಿದ್ದು, ಅವನು ನಿಮ್ಮ ಕಾಲ್‌ಸೈನ್ ಸರಿಯಾಗಿ ಹೇಳಿದ್ದರೆ ಅದನ್ನು ಮತ್ತೆ ಹೇಳಬೇಡಿ. ತಪ್ಪಾಗಿದೆಯೇನೋ ಅಂತ ಅವನ ಕೈ ನಿಲ್ಲುತ್ತದೆ. "ಫೈವ್ ನೈನ್, ಥ್ಯಾಂಕ್ಯೂ" ಸಾಕು. ಒಂದಕ್ಷರ ತಪ್ಪಿದ್ದರೆ ಮಾತ್ರ ಪೂರ್ತಿ ಕಾಲ್‌ಸೈನ್ ಎರಡು ಸಲ ಹೇಳಿ. ಊರು, ಹವೆ, ರಿಗ್ ಹೆಸರು ಯಾವುದೂ ಬೇಡ. "ಯುರೋಪ್ ಓನ್ಲಿ" ಅಂದರೆ ಸುಮ್ಮನಿರಿ. ಅತ್ತ ದಾರಿ ತೆರೆದಿರುವುದು ಸ್ವಲ್ಪವೇ ಹೊತ್ತಿರಬಹುದು.

ಸ್ಪ್ಲಿಟ್ ಮರೆತು ಅವನ ಫ್ರೀಕ್ವೆನ್ಸಿಯಲ್ಲೇ ಕೂಗುವವರು ಇದ್ದೇ ಇರುತ್ತಾರೆ. ಅವರಿಗೆ "ಅಪ್! ಅಪ್!" ಅಂತ ಅಲ್ಲೇ ಗದರುವವರಿಂದ ಆಗುವ ಹಾನಿ ಇನ್ನೂ ಹೆಚ್ಚು. ಬೇಕೆಂದೇ ಕಾಟ ಕೊಡುವವನಿಗೂ ಉತ್ತರ ಕೊಡಬೇಡಿ. ಟ್ಯೂನ್ ಮಾಡುವುದು ಡಮ್ಮಿ ಲೋಡ್ (ಸಿಗ್ನಲ್ ಹೊರಗೆ ಬಿಡದೆ ಒಳಗೇ ನುಂಗುವ ಸಾಧನ) ಮೇಲೆ. ಆಂಟೆನಾ ಟ್ಯೂನರ್ ಹೊಂದಿಸಲೇಬೇಕಿದ್ದರೆ ದೂರದ ಖಾಲಿ ಜಾಗದಲ್ಲಿ 10 ವ್ಯಾಟ್‌ಗಿಂತ ಕಡಿಮೆಯಲ್ಲಿ.

ನಮ್ಮ ಕಡೆಯ ಇನ್ನೊಂದು ತೊಂದರೆ ರೇಡಿಯೊದಲ್ಲಿ ಬರುವ ಕರೆಂಟಿನ ಗದ್ದಲ. ಸಿಂಧನೂರು, ಗಂಗಾವತಿಯ ರೈಸ್‌ಮಿಲ್ ಮೋಟರ್ ಡ್ರೈವ್‌ಗಳು, ಗಿಣಿಗೇರಿ ಸುತ್ತ ಧೂಳು ಹಿಡಿದ ಕರೆಂಟ್ ಕಂಬದ ಇನ್ಸುಲೇಟರ್ ಮೇಲೆ ಬೆಳಗಿನ ಇಬ್ಬನಿ ಬಿದ್ದಾಗಿನ ಕಿಡಿ, ಅಗ್ಗದ ಎಲ್‌ಇಡಿ ಬಲ್ಬು. ಸಿಗ್ನಲ್ ಹಿಗ್ಗಿಸುವ ಪ್ರಿಆಂಪ್ ಆಫ್ ಮಾಡಿ, ರಿಸೀವರ್‌ನ ಆರ್‌ಎಫ್ ಗೇನ್ ಇಳಿಸಿ, ಫಿಲ್ಟರ್ ಅನ್ನು 2 ಕಿಲೋಹರ್ಟ್ಸ್ ಹತ್ತಿರಕ್ಕೆ ತನ್ನಿ. ಎಫ್‌ಟಿ240-31 ಫೆರೈಟ್ ರಿಂಗ್‌ಗೆ ತೆಳು ಕೋಆಕ್ಸ್ (ಆಂಟೆನಾ ಕೇಬಲ್) 10ರಿಂದ 12 ಸುತ್ತು ಹಾಕಿ ಆಂಟೆನಾ ಬುಡದಲ್ಲಿ ಕೂರಿಸಿದರೆ ಮನೆ ವೈರಿಂಗ್‌ನ ಗದ್ದಲ ಕೇಬಲ್ ಹೊರಮೈ ಹಿಡಿದು ಬರುವುದು ತಗ್ಗುತ್ತದೆ. ಇಷ್ಟಾದರೂ ದ್ವೀಪದವನ ದನಿ ನಿಮಗೆ ಕೇಳಿಸದಿದ್ದರೆ ಕರೆಯಬೇಡಿ. ಅವನು ಉತ್ತರ ಕೊಡುವಾಗಲೂ ನೀವು ಕೂಗುತ್ತಲೇ ಇರುತ್ತೀರಿ.

ಕಂಪ್ಯೂಟರ್ ಮೂಲಕ ಚುಟುಕು ಸಂದೇಶ ಕಳಿಸುವ ಎಫ್‌ಟಿ8ನಲ್ಲಿ ಸರದಿ 15 ಸೆಕೆಂಡಿನದು, ಕಂಪ್ಯೂಟರ್ ಗಡಿಯಾರ ಒಂದು ಸೆಕೆಂಡಿನೊಳಗೆ ಸರಿ ಇರಲಿ. ದ್ವೀಪದವನು ಫಾಕ್ಸ್, ಕರೆಯುವವರು ಹೌಂಡ್ ಆಗುವ ಫಾಕ್ಸ್-ಹೌಂಡ್ ಮೋಡ್ ಆದರೆ ನಿಮ್ಮ ಮೊದಲ ಕರೆ 1000 ಹರ್ಟ್ಸ್‌ಗಿಂತ ಮೇಲೆ.

"ಸ್ಟ್ಯಾಂಡ್ ಬೈ" ಅಂದಾಗ ಕಾರಣ ಕೇಳದೆ ನಿಲ್ಲಿ. 2004ರ ಡಿಸೆಂಬರ್‌ನಲ್ಲಿ ಭಾರತಿ ಪ್ರಸಾದ್ ಅವರ ತಂಡ ಅಂಡಮಾನಿನ ಪೋರ್ಟ್ ಬ್ಲೇರ್‌ನಿಂದ ವಿಯು4ಆರ್‌ಬಿಐ ಎಂಬ ಸ್ಟೇಷನ್ ನಡೆಸುತ್ತಿದ್ದಾಗಲೇ ಸುನಾಮಿ ಬಂತು. ಹವ್ಯಾಸದ ಅದೇ ಸ್ಟೇಷನ್ ತುರ್ತು ಸಂದೇಶಗಳ ಕೆಲಸಕ್ಕೆ ತಿರುಗಿತು.

ಧನ್ಯವಾದ ಹೇಳಲು ಜಾಗ ಬೇರೆ ಇದೆ. ಒಂದು ಬ್ಯಾಂಡ್, ಒಂದು ಮೋಡ್‌ಗೆ ಒಂದೇ ಸಂಪರ್ಕ ಸಾಕು. ಆನ್‌ಲೈನ್ ಲಾಗ್‌ನಲ್ಲಿ ಹೆಸರು ಬಂದ ಮೇಲೆ ಮತ್ತೆ ಕರೆಯಬೇಡಿ, ಲಾಗ್ ತಡವಾದರೆ ಕಾಯಿರಿ. ಖರ್ಚಿಗೆ ಕೈಲಾದಷ್ಟು ಕೊಡಿ. ಕ್ಯೂಎಸ್‌ಎಲ್ ಕಾರ್ಡ್ (ಸಂಪರ್ಕ ಆಯಿತೆಂದು ದೃಢಪಡಿಸುವ ಕಾರ್ಡ್) ಕೇಳುವಾಗ ಯುಟಿಸಿ (ಜಾಗತಿಕ ಸಮಯ) ಬರೆಯಿರಿ: ನಮ್ಮ ಸಮಯದಲ್ಲಿ 5 ಗಂಟೆ 30 ನಿಮಿಷ ಕಳೆಯಬೇಕು. 10ನೇ ತಾರೀಕು ಬೆಳಗಿನ ಜಾವ 2ಕ್ಕೆ ಆದ ಸಂಪರ್ಕ 9ನೇ ತಾರೀಕಿನ 20:30. ತಾರೀಕು ತಪ್ಪಿದ ಕಾರ್ಡ್ ಹಿಡಿದು ಲಾಗ್ ಹುಡುಕುವವರೂ ಆ ತಂಡದ ಸ್ವಯಂಸೇವಕರೇ.