ಆಷಾಢಕ್ಕೆ ಮುಂಚಿನ ಭಾನುವಾರ

ಬೆಂಗಳೂರಿನಲ್ಲಿ ಬಾಡಿಗೆ ಮನೆ ತೋರಿಸಿ ಬದುಕುವ ನಮ್ಮಂಥವರಿಗೆ ವರ್ಷದ ಸುಗ್ಗಿಯೆಂದರೆ ಯುಗಾದಿಯಿಂದ ಆಷಾಢದ ಹೊಸ್ತಿಲವರೆಗಿನ ಕಾಲ. ಮಕ್ಕಳ ಪರೀಕ್ಷೆ ಮುಗಿಯುವುದನ್ನೇ ಕಾದಿದ್ದು ಮನೆ ಬದಲಿಸುವವರು, ಹೊಸ ಕೆಲಸಕ್ಕೆ ಊರಿಂದ ಬಂದಿಳಿಯುವವರು, ಹನ್ನೊಂದು ತಿಂಗಳ ಕರಾರು ಮುಗಿದು ಬಾಡಿಗೆ ಏರಿತೆಂದು ಗಂಟುಮೂಟೆ ಕಟ್ಟುವವರು, ಎಲ್ಲರೂ ಇದೇ ಅವಧಿಯಲ್ಲಿ ಫೋನು ಮಾಡುತ್ತಾರೆ. ಆಷಾಢದಲ್ಲಿ ಹೊಸ ಮನೆಯಲ್ಲಿ ಹಾಲು ಉಕ್ಕಿಸಬಾರದೆಂಬ ನಂಬಿಕೆ ಇರುವವರು ಕೊನೆಯ ವಾರದಲ್ಲಿ ಕೈಕಾಲು ಬಡಿಯತೊಡಗುತ್ತಾರೆ. 2025ರಲ್ಲಿ ಜೂನ್ 25ಕ್ಕೆ ಅಮಾವಾಸ್ಯೆ, ಮರುದಿನದಿಂದ ಆಷಾಢ. ಹಾಗಾಗಿ ಅದರ ಹಿಂದಿನ ಭಾನುವಾರ, 22ನೇ ತಾರೀಖು, ನನ್ನ ಕೈಯಲ್ಲಿದ್ದ ಗಿರಾಕಿಗಳೆಲ್ಲ ಒಂದೇ ದಿನದಲ್ಲಿ ಮನೆ ಬೇಕೆಂದು ಹಟ ಹಿಡಿದಿದ್ದರು.

ಆ ದಿನ ಎಲ್ಲರ ಕಣ್ಣೂ ಬನಶಂಕರಿ ಎರಡನೇ ಹಂತದ ಒಂದು ಮನೆಯ ಮೇಲಿತ್ತು. ಮೊದಲ ಮಹಡಿ, ಎರಡು ಕೋಣೆ, ಪೂರ್ವದ ಬಾಗಿಲು, ಕೆಳಗೆ ಓನರಮ್ಮ ಒಬ್ಬರೇ. ತಿಂಗಳಿಗೆ ಇಪ್ಪತ್ತೈದು ಸಾವಿರ ಬಾಡಿಗೆ, ಎರಡು ಲಕ್ಷ ಅಡ್ವಾನ್ಸು. ಹಿಂದಿನವರು ಇದ್ದಾಗ ಇಪ್ಪತ್ತೊಂದೇ ಇತ್ತು. ಏರಿಕೆಗೆ ಅಮ್ಮ ಕೊಡುತ್ತಿದ್ದ ಕಾರಣ ಮೆಟ್ರೊ: ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗ ಇನ್ನೇನು ಶುರುವಾಗುತ್ತದೆ, ಎಲೆಕ್ಟ್ರಾನಿಕ್ ಸಿಟಿಯವರೆಲ್ಲ ಇಲ್ಲಿಗೇ ಬರುತ್ತಾರೆ ಎಂಬ ಲೆಕ್ಕ. ಆ ರೈಲು ಜನರನ್ನು ಹತ್ತಿಸಿಕೊಂಡದ್ದು ಆಗಸ್ಟಿನಲ್ಲಿ. ಬಾಡಿಗೆ ಮಾತ್ರ ಅದಕ್ಕೂ ಬಹಳ ಮೊದಲೇ ಹತ್ತಿ ಕುಳಿತಿತ್ತು.

ಬೆಳಿಗ್ಗೆ ಮೊದಲು ಬಂದವರು ಹುಬ್ಬಳ್ಳಿ ಕಡೆಯ ದಂಪತಿ. ಗಂಡನಿಗೆ ವರ್ಗವಾಗಿತ್ತು, ಮಗಳಿಗೆ ಜಯನಗರದಲ್ಲಿ ಶಾಲೆ ಸಿಕ್ಕಿತ್ತು. ನಾನು ನಡುಮನೆಯ ಅಳತೆ, ಗಾಳಿ ಬೆಳಕು ಎಂದು ಶುರುಮಾಡುವಷ್ಟರಲ್ಲಿ ಆತ ಕೈ ಎತ್ತಿ ತಡೆದು, "ಅದೆಲ್ಲಾ ಇರ್ಲಿ ಬಿಡ್ರಿ, ನೀರ ಹೆಂಗ ಬರ್ತದ ಅಷ್ಟ ಹೇಳ್ರಿ" ಎಂದರು. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ಊರೆಲ್ಲ ಟ್ಯಾಂಕರ್ ಹಿಂದೆ ಓಡಿದ ಮೇಲೆ, ವಾಸ್ತುವಿಗಿಂತ ಮೊದಲು ನೀರು ಕೇಳುವ ಗಿರಾಕಿಗಳು ಹೆಚ್ಚಾಗಿದ್ದಾರೆ. ಆದರೆ ಇವರಷ್ಟು ಕೂಲಂಕಷವಾಗಿ ನೋಡಿದವರನ್ನು ನಾನು ಕಂಡಿರಲಿಲ್ಲ. ಅಡುಗೆಮನೆಯ ನಲ್ಲಿಯ ಬಾಯಿಗೆ ಬೆರಳಿಟ್ಟು ಸವರಿ, ಬಿಳಿಯ ಉಪ್ಪಿನ ಪೊರೆ ಹತ್ತುತ್ತದೆಯೇ ನೋಡಿದರು. ಬಚ್ಚಲಿನ ನಲ್ಲಿಯಲ್ಲಿ ಹತ್ತಿತು, ಅಡುಗೆಮನೆಯಲ್ಲಿ ಇಲ್ಲ. ಅಂದರೆ ಒಳಗೆ ಎರಡು ಪೈಪು, ಒಂದು ಬೋರಿನದು, ಇನ್ನೊಂದು ಕಾವೇರಿಯದು, ಎಂದು ನನಗಿಂತ ಮುಂಚೆ ಅವರೇ ಹೇಳಿದರು. ಆಮೇಲೆ ಕೆಳಗಿಳಿದು ಸಂಪಿನ ಕಬ್ಬಿಣದ ಮುಚ್ಚಳವನ್ನು ಸರಿಸಿ, ಮೊಬೈಲಿನ ಟಾರ್ಚು ಹಾಕಿ, ಗೋಡೆಯ ಮೇಲೆ ನೀರು ನಿಂತ ಗುರುತು ಎಲ್ಲಿಯವರೆಗಿದೆ ಎಂದು ಬಗ್ಗಿ ನೋಡಿದರು. ಅವರ ಹೆಂಡತಿ ಅಷ್ಟರಲ್ಲಿ ಮೀಟರ್ ಬೋರ್ಡಿನ ಬಳಿ ನಿಂತು, ಮೇಲಿನ ಮನೆಗೆ ಪ್ರತ್ಯೇಕ ಮೀಟರ್ ಇದೆಯೇ, ಗೃಹಜ್ಯೋತಿಗೆ ಹಳೆಯ ಬಾಡಿಗೆದಾರರ ಆಧಾರ್ ಇನ್ನೂ ಜೋಡಣೆಯಲ್ಲಿದೆಯೇ ಎಂದು ಕೇಳುತ್ತಿದ್ದರು. ಇಂಥವರು ಮನೆಯನ್ನು ಇಷ್ಟಪಟ್ಟರೆ ಆಮೇಲೆ ತಕರಾರು ಬರುವುದಿಲ್ಲ. ಸಂಜೆಯೊಳಗೆ ಹೇಳುತ್ತೇವೆ ಎಂದು ಹೊರಟರು.

ಹನ್ನೊಂದಕ್ಕೆ ಮೂವರು ಹುಡುಗಿಯರು ಬರುವವರಿದ್ದರು. ಅದಕ್ಕೆ ಮುಂಚೆ ಒಬ್ಬ ನಿವೃತ್ತ ಮೇಷ್ಟ್ರಿಗೂ ಅವರ ಪತ್ನಿಗೂ ಕತ್ರಿಗುಪ್ಪೆಯಲ್ಲಿ ಒಂದು ನೆಲಮಹಡಿಯ ಮನೆ ತೋರಿಸಿದೆ. ಅಲ್ಲಿನ ಮಾಲೀಕರು, "ವಯಸ್ಸಾದವರು, ಏನಾದರೂ ಆದರೆ ಮಕ್ಕಳು ಹತ್ತಿರದಲ್ಲಿದ್ದಾರಾ?" ಎಂದು ಅವರ ಎದುರಿಗೇ ಕೇಳಿದರು. ಮೇಷ್ಟ್ರು ನಕ್ಕರು, ಅವರ ಪತ್ನಿ ನಗಲಿಲ್ಲ. ಶ್ರಾವಣ ಬಂದ ಮೇಲೆ ನೋಡೋಣ ಎಂದು ಆಟೋ ಹತ್ತಿದರು.

ನಮ್ಮ ದಂಧೆಯಲ್ಲಿ ಮನೆ ತೋರಿಸುವುದು ಸುಲಭದ ಭಾಗ. ಕಷ್ಟವಿರುವುದು "ಇಲ್ಲ" ಎಂಬುದನ್ನು ಹೊತ್ತು ತಿರುಗುವುದರಲ್ಲಿ. ಓನರುಗಳು ಬಾಡಿಗೆದಾರರ ಮುಖಕ್ಕೆ ಆ ಮಾತು ಹೇಳುವುದು ಅಪರೂಪ. ನಮ್ಮ ಕಿವಿಯಲ್ಲಿ ಹೇಳಿ, ಚೆನ್ನಾಗಿ ಹೇಳಿ ಕಳಿಸು ಎನ್ನುತ್ತಾರೆ. ಜಾತಿ, ಊಟ, ಮದುವೆ, ಭಾಷೆ, ಕೆಲಸದ ಪಾಳಿ, ಮನೆಗೆ ಬಂದುಹೋಗುವವರು, ಇವುಗಳಲ್ಲಿ ಯಾವುದು ಅಡ್ಡ ಬಂದರೂ ಗಿರಾಕಿಗೆ ತಲುಪುವ ಮಾತು ಒಂದೇ: "ಮನೆ ಹೋಯಿತಂತೆ." ಕಮಿಷನ್ ಎಂದು ನಾವು ಪಡೆಯುವ ಒಂದು ತಿಂಗಳ ಬಾಡಿಗೆಯಲ್ಲಿ ಅರ್ಧ ಈ ಸುಳ್ಳಿನ ಕೂಲಿ ಎಂದು ನನಗೆ ಅನಿಸುವುದುಂಟು.

ಹುಡುಗಿಯರು ಸಮಯಕ್ಕೆ ಸರಿಯಾಗಿ ಬಂದರು. ಮೂವರೂ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವವರು, ಪಿ.ಜಿ.ಯ ಊಟ ತಿಂದು ಸಾಕಾದವರು. ಮನೆ ನೋಡಿದರು, ಬಾಲ್ಕನಿಯಲ್ಲಿ ನಿಂತು ಫೋಟೊ ತೆಗೆದುಕೊಂಡರು, ಅಡ್ವಾನ್ಸನ್ನು ಮೂರು ಪಾಲು ಮಾಡಿ ಲೆಕ್ಕ ಹಾಕಿದರು. ಒಬ್ಬಳು ಮಾತ್ರ, ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ತೆಗೆದುಕೊಳ್ಳುವ ಹಾಗಿಲ್ಲವಲ್ಲ ಎಂದು ಕೇಳಿದಳು. ಕೇಂದ್ರ ಸರ್ಕಾರ 2021ರಲ್ಲಿ ಹೊರತಂದ ಬಾಡಿಗೆ ಕಾಯ್ದೆಯಲ್ಲಿ ಹಾಗಿರುವುದು ನಿಜ, ಆದರೆ ಅದು ರಾಜ್ಯಗಳ ಮುಂದಿಟ್ಟ ಮಾದರಿ ಮಾತ್ರ, ಇಲ್ಲಿ ಹತ್ತು ತಿಂಗಳ ಅಡ್ವಾನ್ಸು ಕೇಳುವುದೇ ಮೊದಲಿನಿಂದ ಬಂದ ರೂಢಿ, ಈ ಅಮ್ಮ ಎಂಟಕ್ಕೆ ಇಳಿದಿದ್ದಾರೆ ಎಂದೆ. ಅವಳು ತಲೆಯಾಡಿಸಿ ಮೊಬೈಲಿನಲ್ಲಿ ಏನನ್ನೋ ಬರೆದುಕೊಂಡಳು.

ಕೆಳಗೆ ಓನರಮ್ಮ ನನ್ನನ್ನು ಒಳಗೆ ಕರೆದು ಬಾಗಿಲು ಓರೆ ಮಾಡಿದರು. "ನೋಡಪ್ಪಾ, ಹುಡುಗೀರು ಒಳ್ಳೇವರ ಥರಾನೇ ಕಾಣ್ತಾರೆ. ಆದರೆ ಒಬ್ಬಳಿಗೆ ರಾತ್ರಿ ಪಾಳಿ ಅಂತೆ. ಎರಡು ಗಂಟೆಗೆ ಕ್ಯಾಬು ಬಂದರೆ ಅಕ್ಕಪಕ್ಕದವರು ನನ್ನನ್ನು ತಾನೇ ಕೇಳೋದು?" ಗೇಟಿನ ಕೀಲಿ ಒಂದು ಅವರ ಬಳಿಯೇ ಇರುತ್ತದಲ್ಲ ಎಂದೆ. ಅಮ್ಮ ದೇವರ ಮನೆಯ ಕಡೆ ನೋಡಿದರು. ಮಾತು ಮುಗಿಯಿತು ಎಂದು ನನಗೆ ತಿಳಿಯಿತು.

ರಸ್ತೆಯ ತಿರುವಿನವರೆಗೆ ನಡೆದು ಬಂದು, ಬೇರೆ ಪಾರ್ಟಿ ಬೆಳಿಗ್ಗೆಯೇ ಒಪ್ಪಿದ್ದಾರಂತೆ ಎಂದು ಹುಡುಗಿಯರಿಗೆ ಹೇಳಿದೆ. ಬರೆದುಕೊಳ್ಳುತ್ತಿದ್ದವಳು ನನ್ನ ಮುಖ ನೋಡಿ, "ಅಣ್ಣಾ, ಮನೆ ಹೋಗಿಲ್ಲ ಅಲ್ವಾ? ನಮಗೆ ಕೊಡಲ್ಲ ಅಂದ್ರು ಅಷ್ಟೇ ತಾನೇ?" ಎಂದಳು. ಹೌದಮ್ಮಾ, ಎಂದೆ. "ಹಾಗಾದರೆ ರಾತ್ರಿ ಪಾಳಿ ಅಂತ ಮೊದಲೇ ಫೋನಲ್ಲಿ ಹೇಳಿ, ಆಗೋದಾದರೆ ಮಾತ್ರ ಕರೀರಿ. ಭಾನುವಾರ ಒಂದೇ ರಜೆ ನಮಗೆ." ಇದರಲ್ಲಿ ಕೋಪವಿರಲಿಲ್ಲ, ನನ್ನ ಕೆಲಸ ಹೇಗೆ ನಡೆಯಬೇಕೆಂಬ ಸೂಚನೆಯಿತ್ತು. ಅಲ್ಲೇ ನಿಂತು ಕತ್ರಿಗುಪ್ಪೆಯ ಮತ್ತೊಬ್ಬ ಓನರಿಗೆ ಫೋನು ಹಚ್ಚಿ, ಮೂವರು ಹುಡುಗಿಯರು, ಒಬ್ಬಳಿಗೆ ರಾತ್ರಿ ಪಾಳಿ, ಆಗುತ್ತದೆಯೋ ಇಲ್ಲವೋ ಎಂದು ನೇರವಾಗಿ ಕೇಳಿದೆ. ಅದು ದಕ್ಷಿಣದ ಬಾಗಿಲ ಮನೆ. ಆ ಒಂದೇ ಕಾರಣಕ್ಕೆ ಮೂರು ತಿಂಗಳಿಂದ ಖಾಲಿ ಬಿದ್ದಿತ್ತು, ಬಾಡಿಗೆಯೂ ಇಳಿದಿತ್ತು. ಆಗಲಿ ಬನ್ನಿ ಎಂದರು.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಇನ್ನೊಬ್ಬ ಬ್ರೋಕರ್ ಫೋನು ಮಾಡಿ, ಬನಶಂಕರಿ ಮನೆಗೆ ತನ್ನ ಬಳಿಯೂ ಪಾರ್ಟಿ ಇದೆ, ಕಮಿಷನ್ ಅರ್ಧ ಅರ್ಧ ಮಾಡೋಣವೇ ಎಂದ. ಟೋಕನ್ ಯಾರು ಮೊದಲು ಹಾಕುತ್ತಾರೋ ಅವರದ್ದು ಎಂದೆ. ಆ ಮಾತನ್ನು ಹುಬ್ಬಳ್ಳಿಯವರಿಗೂ ತಿಳಿಸಿದೆ. ಈ ಸಲ ಅದು ನಿಜವೇ ಆಗಿತ್ತು, ಆದರೂ ಅವರು ನಂಬಲಿಲ್ಲ. ಎಲ್ಲಾ ಬ್ರೋಕರೂ ಇದನ್ನ ಹೇಳ್ತಾರ್ರೀ ಎಂದರು. ಕೊನೆಗೆ ಕೆಲಸ ಮಾಡಿದ್ದು ನನ್ನ ಮಾತಲ್ಲ, ರಾಹುಕಾಲ. ಭಾನುವಾರ ನಾಲ್ಕೂವರೆಗೆ ಶುರುವಾಗುತ್ತದೆ ಎಂಬುದು ಅವರ ಹೆಂಡತಿಗೂ ಗೊತ್ತಿತ್ತು, ಓನರಮ್ಮನಿಗೂ ಗೊತ್ತಿತ್ತು. ನಾಲ್ಕು ಇಪ್ಪತ್ತಕ್ಕೆ ಅಮ್ಮನ ಮಗನ ಮೊಬೈಲಿಗೆ ಹತ್ತು ಸಾವಿರ ಬಿತ್ತು. ಮಂಗಳವಾರ ಹಾಲು ಉಕ್ಕಿಸಿದರು.

ಹುಡುಗಿಯರ ಕರಾರು ಬುಧವಾರ ಆಯಿತು. ಅಮಾವಾಸ್ಯೆಯನ್ನು ಅವರೂ ಲೆಕ್ಕಿಸಲಿಲ್ಲ, ದಕ್ಷಿಣದ ಬಾಗಿಲಿನ ಓನರೂ ಲೆಕ್ಕಿಸಲಿಲ್ಲ. ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕಾದ್ದರಿಂದ ಎಲ್ಲರೂ ಹನ್ನೊಂದು ತಿಂಗಳಿಗೇ ಬರೆಸುತ್ತಾರೆ, ಹಳೆಯ ಕರಾರಿನಲ್ಲಿ ಹೆಸರು ಬದಲಿಸಿ ಇ-ಸ್ಟಾಂಪ್ ಕಾಗದದ ಮೇಲೆ ಮುದ್ರಿಸಿ ಸಹಿ ಹಾಕುತ್ತಾರೆ. ಆ ಹುಡುಗಿ ಮಾತ್ರ ಟೈಪಿಂಗ್ ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಇಡೀ ಕರಾರನ್ನು ಓದಿ, ಮನೆ ಬಿಡುವಾಗ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವ ಸಾಲಿಗೆ ಬೆರಳಿಟ್ಟಳು. ಹನ್ನೊಂದೇ ತಿಂಗಳಿದ್ದು ಬಿಟ್ಟರೂ ಇಷ್ಟೇ, ಐದು ವರ್ಷ ಇದ್ದರೂ ಇಷ್ಟೇ ಏಕೆ ಎಂದು ಕೇಳಿದಳು. ಓನರು ನನ್ನ ಕಡೆ ನೋಡಿದರು, ನಾನು ಟೈಪಿಸ್ಟ್ ಕಡೆ ನೋಡಿದೆ. ಎರಡು ವರ್ಷದೊಳಗೆ ಬಿಟ್ಟರೆ ಅರ್ಧ ಬಾಡಿಗೆ ಎಂದು ತಿದ್ದಿಸಿ ಮೂವರೂ ಸಹಿ ಹಾಕಿದರು. ಆಮೇಲೆ ನನ್ನ ಕಮಿಷನ್‌ನಲ್ಲೂ ಅರ್ಧ ಕೇಳಿದರು, ಮುಕ್ಕಾಲಿಗೆ ಒಪ್ಪಂದವಾಯಿತು.